ಸುಣ್ಣ ತಿಂದ ಕಾಲರ್ ಮೈಕ್

ಕಾರಿಮಂಗಲಂ,
9-2-2025, ಭಾನುವಾರ

ಪ್ರೀತಿಯ ತಂಗಿ ವನಿತಾ,

ಹಲ್ಲುನೋವು ಇಳಿಯಿತೇ? ಚೆನ್ನೈ ನೀರು ಒಗ್ಗುತ್ತಿಲ್ಲ ಎಂದಿದ್ದೆ, ಕಾಯಿಸಿ ಕುಡಿ. ಅಮ್ಮನ ಗಂಟಲಿನ ಗಡ್ಡೆಗೆ ಸೇಲಂನಲ್ಲಿ ಆಪರೇಷನ್ ದಿನ ಗೊತ್ತಾಗಿದೆ: ಇಪ್ಪತ್ತನೇ ತಾರೀಕು, ಗುರುವಾರ. ಜೀವಕ್ಕೆ ಭಯವಿಲ್ಲ, ದನಿ ಮಾತ್ರ ಮೊದಲಿನಂತೆ ಉಳಿಯುತ್ತದೆಂದು ಹೇಳಲಾಗದು ಎಂದರು ಡಾಕ್ಟರು. ನಿನಗೆ ರಜೆ ಸಿಗುವುದು ಕಷ್ಟ ಎಂದು ಅಮ್ಮನಿಗೆ ಹೇಳಿದ್ದೇನೆ. ಫೋನ್ ಮಾಡಿದರೆ ಅವಳು ಪಕ್ಕದಲ್ಲೇ ಇರುತ್ತಾಳೆ, ಅದಕ್ಕೇ ಈ ಕಾಗದ.

ಅಮ್ಮನ ದನಿ ಹಿಡಿದಿಡು ಎಂದು ಪೊಂಗಲ್‌ಗೆ ಬಂದಾಗ ನೀನು ಕೊಟ್ಟುಹೋದ ಕಾಲರ್ ಮೈಕ್ ಕೆಟ್ಟಿತ್ತು. ತಪ್ಪು ನನ್ನದು. ಅವಳ ಸೆರಗಿಗೆ ಸಿಕ್ಕಿಸಿ, ಫೋನ್ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅದನ್ನು ತೆಗೆದು ಎಲೆಅಡಿಕೆ ಸಂಚಿಯೊಳಗೆ ಹಾಕಿಕೊಂಡಿದ್ದಳು. "ಕಳದೋದ್ರೆ ನಿನ್ ತಂಗಿ ಸುಮ್ಕೆ ಬುಡ್ತಾಳೇನ್ಲಾ? ಅದ್ಕೇ ಬದ್ರವಾಗಿ ಮಡಗಿವ್ನಿ" ಎಂದಳು. ಓಲೆ, ಮಾತ್ರೆ, ಬಸ್ ಟಿಕೆಟ್ ಎಲ್ಲಕ್ಕೂ ಅದೇ ಜಾಗ ತಾನೆ. ಸುಣ್ಣದ ಡಬ್ಬಿಯ ಮುಚ್ಚಳ ಸಡಿಲವಾಗಿ ಮೈಕಿನ ಜಾಲರಿ ತುಂಬ ಸುಣ್ಣ ಮೆತ್ತಿತ್ತು. ರೆಕಾರ್ಡ್ ಮಾಡಿದರೆ ಬರೀ ಗೊರಗೊರ. ಧರ್ಮಪುರಿಯಲ್ಲಿ ಫೋನ್ ರಿಪೇರಿ ಮಾಡುವ ತಮಿಳ್‌ಸೆಲ್ವನ್ ಭೂತಗನ್ನಡಿ ಹಿಡಿದು ನೋಡಿ, "ಮೈಕ್ಕುಮ್ ವೆತ್ತಲೆ ಪೋಡುಮಾ ಅಣ್ಣಾ?" ಎಂದ. ಮೈಕೂ ಎಲೆಅಡಿಕೆ ಹಾಕುತ್ತದೆಯೇ ಎಂದು ಅಂಗಡಿಯೇ ನಕ್ಕಿತು. ತಲೆ ಕತ್ತರಿಸಿ ಬೇರೆ ತಲೆ ಬೆಸೆದು ಕೊಟ್ಟ. ವೈರು, ದನಿಯನ್ನು ದೂರದ ಫೋನಿಗೆ ಕಳಿಸುವ ಪುಟ್ಟ ಡಬ್ಬಿ ಮಾತ್ರ ನಿನ್ನವೇ.

ಇವತ್ತು ಬೆಳಗ್ಗೆ ಮಂಜು ಇನ್ನೂ ಹೊಲದ ಮೇಲೆ ಮಲಗಿತ್ತು. "ನಂಗೇನ್ ಮಾತಾಡಕ್ಕೈತೆ, ಕುರಿ ಕೂಗ್ತೀನಿ ಅಷ್ಟೆ" ಎಂದು ಅಮ್ಮ ಸೆರಗಿಗೆ ಸಿಕ್ಕಿಸಿದ ಮೈಕಿನೊಂದಿಗೆ ನಡೆದಳು. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಿಂದೆ ಹೋದೆ. ಮಂಜಿನಲ್ಲಿ ಅವಳು ಕಾಣಲಿಲ್ಲ, ಅವಳ ಉಸಿರು ಮಾತ್ರ ನನ್ನ ಕಿವಿಯೊಳಗೇ ಇತ್ತು. ಬಳೆಯ ಸದ್ದು, ಒಣಹುಲ್ಲಿನ ಸದ್ದು, ಆಮೇಲೆ ಆ ಉದ್ದನೆಯ ಕೂಗು, "ಓ... ಬಾ, ಬಾ..." ಬಿಳಿಯೊಳಗಿಂದ ಕುರಿಗಳು ಒಂದೊಂದಾಗಿ ಮೂಡಿ ಬಂದವು, ಯಾರೋ ಆಗಷ್ಟೇ ಅವನ್ನು ನೆನಪಿಸಿಕೊಂಡಂತೆ. ಹನ್ನೊಂದು ನಿಮಿಷ ನಲವತ್ತು ಸೆಕೆಂಡಿನ ರೆಕಾರ್ಡಿಂಗ್ ಇದೆ.

ಹೊತ್ತು ಹೊತ್ತಿಗೆ ಉಣ್ಣು. ಅಮ್ಮ ನಿನ್ನ ತಲೆ ಸವರಿದಳೆಂದು ತಿಳಿದುಕೋ.

ನಿನ್ನ ಅಣ್ಣ,
ರಘುನಾಥ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. ಮಧ್ಯಾಹ್ನ ರೆಕಾರ್ಡಿಂಗ್ ಕೇಳಲು ಹೋಗಿ, ಅದರ ಕೆಳಗಿದ್ದ ಪೊಂಗಲ್ ದಿನದ್ದನ್ನು ಒತ್ತಿಬಿಟ್ಟೆ. ಮೈಕ್ ಪರೀಕ್ಷೆ ಮಾಡುತ್ತ, ಯಾರೂ ಇಲ್ಲವೆಂದುಕೊಂಡು ನೀನೂ ಅದೇ ಕೂಗು ಕೂಗಿದ್ದೆ. ಶಾಲೆಯಲ್ಲಿ ನಿನ್ನನ್ನು ಕುರಿಗಂಟಲು ಎಂದು ಹಾಸ್ಯ ಮಾಡಿದ ಮೇಲೆ ನೀನು ಕೂಗಿದ್ದು ನಾನು ಕೇಳಿರಲಿಲ್ಲ. ಅಮ್ಮ ಒಲೆ ಬಿಟ್ಟು ಎದ್ದು, "ವನಿತಾ ಬಂದ್ಳಾ?" ಎನ್ನುತ್ತ ರಸ್ತೆಯವರೆಗೂ ಹೋಗಿ ನಿಂತಳು. ಅದು ಬರೀ ರೆಕಾರ್ಡಿಂಗ್ ಎನ್ನುವ ಬದಲು, ಹತ್ತೊಂಬತ್ತಕ್ಕೆ ಬರುತ್ತಾಳೆ ಎಂದುಬಿಟ್ಟಿದ್ದೇನೆ.