ಕೇಬಲ್ಲಿಗೆ ಕಟ್ಟಿದ ಸೀರೆ

ಅಕ್ಟೋಬರ್ 13, ಸೋಮವಾರ

ಸಂಜೆ ಏಳೂವರೆ. ಈಗಷ್ಟೇ ಸ್ನಾನ ಆಯಿತು. ಉಗುರಲ್ಲಿ ಗ್ರೀಸ್ ಇನ್ನೂ ಹೋಗಿಲ್ಲ. ಹೊಳೆ ಮೇಲಿನ ತೂಗುಸೇತುವೆ — ಎರಡು ಕೇಬಲ್ಲೂ ನೋಡಿ ಮುಗಿಸಿದೆವು. ಕಣ್ಣಿಗೆ ಚೆನ್ನಾಗೇ ಕಾಣುತ್ತೆ. ಬಟ್ಟೆ ಸುತ್ತಿ ಎಳೆದುಕೊಂಡು ಹೋದಾಗ ಗೊತ್ತಾಗುವುದು. ಬಟ್ಟೆ ಸಿಕ್ಕಿಕೊಂಡ ಕಡೆ ತಂತಿಯ ಎಳೆ ಮುರಿದಿರುತ್ತೆ. ಅಲ್ಲೊಂದು ತುಂಡು ಹರಿದು ಕಟ್ಟಿ ಮುಂದಕ್ಕೆ. ರಿಪೇರಿಯವರಿಗೆ ಅದೇ ಗುರುತು. ಇವತ್ತು ಬಹಳ ಕಡೆ ಕಟ್ಟಬೇಕಾಯಿತು.

ಇದಕ್ಕೆ ಹಳೇ ಕಾಟನ್ ಸೀರೆಯೇ ಆಗಬೇಕು. ನನ್ನ ಹೆಂಡತಿ ಲೂರ್ದು ಹರಿದು ಮಡಚಿ ಇಟ್ಟಿರುತ್ತಿದ್ದಳು. ಆಗಸ್ಟಿನಲ್ಲಿ ಅವಳು ತೀರಿಹೋದ ಮೇಲೆ ಇದು ಮೊದಲನೇ ಸೇತುವೆ. ಬೆಳಿಗ್ಗೆ ಬೀರು ಮೇಲೆ ಕವರಿನಲ್ಲಿ ಒಂದು ಸೀರೆ ಸಿಕ್ಕಿತು. ನೀಲಿ, ಅಂಚು ಸವೆದದ್ದು. ನನಗೇ ಅಂತ ಇಟ್ಟು ಹೋಗಿದ್ದಾಳೆ ಅಂದುಕೊಂಡೆ.

ಜೊತೆಗೆ ಕೆಲಸ ಮಾಡುವ ಪುಟ್ಟಣ್ಣ, "ಏನ್ ಆರೋಗ್ಯಣ್ಣ, ಸೇತುವೆಗೆ ಸೀರೆ ಉಡಿಸ್ತಾ ಇದೀರ! ಸೀಮಂತನಾ?" ಅಂದ. ನಕ್ಕೆ. ನಕ್ಕು ಬಹಳ ದಿನ ಆಗಿತ್ತು.

14, ಮಂಗಳವಾರ

ಮಗಳು ಜಾನ್ಸಿ ಕೇಳಿದಳು, ಬೀರು ಮೇಲಿದ್ದ ಕವರ್ ಎಲ್ಲಿ ಅಂತ. ಹೇಳಿದೆ.

"ಅದು ಅಮ್ಮ ಆಸ್ಪತ್ರೆಗೆ ಹೋಗೋ ದಿನ ಉಟ್ಕೊಂಡಿದ್ದು ಕಣಪ್ಪ. ಒಗೀದೆ ಇಟ್ಟಿದ್ದೆ."

ಯಾಕೆ ಒಗೆಯಲಿಲ್ಲ ಅಂದುಬಿಟ್ಟೆ. ದಡ್ಡ ನಾನು.

"ಅಮ್ಮನ ವಾಸನೆ ಇತ್ತು." ಆಮೇಲೆ — "ನಿಂಗೆ ಆ ಸೀರೆ ಗೊತ್ತೇ ಆಗ್ಲಿಲ್ವಾ?"

ಆಗಲಿಲ್ಲ. ವರ್ಷಗಟ್ಟಲೆ ಮನೆಯಲ್ಲಿ ಓಡಾಡಿದ ಸೀರೆ. ಒಲೆ ಮುಂದೆ, ನಲ್ಲಿ ಹತ್ತಿರ... ಬಡಿಸುವಾಗ ಕಣ್ಣೆದುರಿಗೇ ಇರುತ್ತಿತ್ತಂತೆ. ತಟ್ಟೆ ನೋಡಿಕೊಂಡು ಉಂಡು ಏಳುತ್ತಿದ್ದೆ.

17, ಶುಕ್ರವಾರ

ರಿಪೇರಿ ಆಗುವವರೆಗೆ ಅಂತ ಸೇತುವೆ ಮುಚ್ಚಿಸಿದರು. ಜಾನ್ಸಿ ಮಾತಾಡಲ್ಲ. ಅಡುಗೆ ಮಾಡಿ ಮುಚ್ಚಿಟ್ಟು ರೂಮಿಗೆ ಹೋಗುತ್ತಾಳೆ. ಉಳಿದಿದ್ದ ಸೀರೆ ಗ್ರೀಸಾಗಿತ್ತು, ಸೋಮವಾರವೇ ಸೇತುವೆ ಹತ್ತಿರ ಸುಟ್ಟಿದ್ದೆವು.

ಕಟ್ಟಿರುವುದನ್ನಾದರೂ ಬಿಚ್ಚಿಕೊಂಡು ಬರೋಣ ಅಂದೆ ಪುಟ್ಟಣ್ಣನಿಗೆ. "ಬಿಚ್ಬುಟ್ರೆ ಮುರಿದಿರೋ ಜಾಗ ಯಾರಿಗ್ ಗೊತ್ತಾಗುತ್ತಣ್ಣ? ನಾಳೆ ಜನ ಓಡಾಡ್ಬೇಕಲ್ವಾ" ಅಂದ. ಅವನು ಹೇಳಿದ್ದು ಸರಿ.

26, ಭಾನುವಾರ

ಚರ್ಚಿನಿಂದ ಬರುವಾಗ ಜಾನ್ಸಿಯೇ ಕೇಳಿದಳು — "ಎಲ್ಲಿದೆ ಆ ಸೇತುವೆ?" ಸ್ಕೂಟರಲ್ಲಿ ಕರೆದುಕೊಂಡು ಹೋದೆ.

ಸೇತುವೆ ಬಾಯಿಗೆ ಮುಳ್ಳು ಅಡ್ಡ ಹಾಕಿದ್ದರು. ಪಕ್ಕದಲ್ಲಿ ಹಾಲಿನ ಕ್ಯಾನ್ ಇಟ್ಟುಕೊಂಡು ಒಬ್ಬಾಕೆ ಕೂತಿದ್ದರು. ದೇವಿರಮ್ಮ ಅಂತೆ. ನನ್ನ ಗುರುತು ಹಿಡಿದರು.

"ನೀವೇ ಅಲ್ವಾ ಸ್ವಾಮಿ, ಚಿಂದಿ ಕಟ್ಟಿ ಸೇತುವೆ ಮುಚ್ಚಿಸ್ಬುಟ್ಟೋರು? ನಾನೀಗ ಎಂಗೆ ಹಾಲ್ ಹಾಕ್ಲಿ, ಈಜ್ಕೊಂಡ್ ಓಗ್ಲಾ?"

ಜಾನ್ಸಿ ಅಂದಳು, "ಚಿಂದಿ ಅಲ್ಲ ಕಣಮ್ಮ. ನಮ್ಮಮ್ಮನ ಸೀರೆ. ಅವ್ರಿಲ್ಲ ಈಗ."

ಆಕೆ ಕೇಬಲ್ ಕಡೆ ತಿರುಗಿ ನೋಡಿದರು. "ಅಯ್ಯೋ... ಗಟ್ಟಿ ಸೀರೆ ಕಣವ್ವ. ಇಷ್ಟು ಗಾಳೀಗೂ ಒಂದೂ ಬಿಚ್ಕಂಡಿಲ್ಲ ನೋಡು."

ಮಳೆಗೆ, ಬಿಸಿಲಿಗೆ ನೀಲಿ ಬಣ್ಣ ಆಗಲೇ ಬಿಳಿಚಿಕೊಂಡಿತ್ತು. ದಡದ ಹತ್ತಿರದ್ದು ಕೈಗೆ ಎಟುಕುವಂತಿತ್ತು.

"ಅದೊಂದು ಬಿಚ್ಚಿಕೊಡ್ಲಾ?" ಅಂದೆ. ರಿಪೇರಿಯವರಿಗೆ ಫೋನ್ ಮಾಡಿ ಜಾಗ ಹೇಳಿದರಾಯಿತು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ.

ಜಾನ್ಸಿ ಕೈ ಚಾಚಿ ಆ ಗಂಟು ಮುಟ್ಟಿದಳು. "ಬೇಡ. ಯಾರಾದ್ರೂ ಬಿದ್ರೆ?"

ಸ್ಕೂಟರ್ ಹತ್ತುವಾಗ, "ಒಂದ್ ಮಾತು ಕೇಳ್ಬೇಕಿತ್ತು ನೀನು" ಅಂದಳು. ಕೇಳಬೇಕಿತ್ತು. ತಪ್ಪಾಯ್ತು ಕಣಮ್ಮ ಅಂದೆ. ಕೇಳಿಸಿತೋ ಇಲ್ಲವೋ, ಗಾಡಿ ಸ್ಟಾರ್ಟ್ ಆಗಿತ್ತು.

ಈಗ ಎಂಟು ಗಂಟೆ. ಆಗಲೇ ಜಾನ್ಸಿ ನನ್ನ ರೂಮಿನ ಬಾಗಿಲಿಗೆ ಬಂದು, "ಬೆಳಿಗ್ಗೆ ಎಬ್ಬಿಸಪ್ಪ, ಅಲಾರಂ ನಂಗೆ ಕೇಳ್ಸಲ್ಲ" ಅಂದು ಹೋದಳು. ಎಬ್ಬಿಸುವುದು ಲೂರ್ದು ಕೆಲಸವಾಗಿತ್ತು.

ನಾಳೆ ಜಾನ್ಸಿಗೆ ಮೇಟಗಳ್ಳಿ ಫ್ಯಾಕ್ಟರಿಯಲ್ಲಿ ಫಸ್ಟ್ ಶಿಫ್ಟ್. ನಾಲ್ಕೂವರೆಗೆ ಎಬ್ಬಿಸಬೇಕು.