ಬ್ಯಾಂಕಾಕಿನ ಮೀನು, ಸೋಮಣ್ಣನ ಬದನೆಕಾಯಿ

ರಾಣೇಬೆನ್ನೂರು,
ಸಂತೆಯ ದಿನ ಸಂಜೆ, ೨೦೦೮

ಅತ್ತೆಯವರಿಗೆ,

ನಿಮ್ಮ ಸೊಸೆ ಭುವನಾ, ಪ್ಲಾಸ್ಟರ್ ಹಾಕದ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದಾಳೆ. ಇನ್ನೊಂದಕ್ಕೆ ಆಮೇಲೆ ಮಾಡುತ್ತೇನೆ. ಬಚ್ಚಲಲ್ಲಿ ಜಾರಿ ನಮ್ಮೆಲ್ಲರ ಜೀವ ಬಾಯಿಗೆ ತಂದ ಕಾಲು ಅದು, ಅದರ ಮೇಲೆ ನನಗಿನ್ನೂ ಸಿಟ್ಟು ಇಳಿದಿಲ್ಲ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹಾವೇರಿಯಲ್ಲಿ ನೀವೀಗ ಮಲಗಿರುವ ಮನೆಯ ಫೋನನ್ನು ಶ್ವೇತಾ ಪಡಸಾಲೆಯ ನಟ್ಟನಡುವೆ ಇಟ್ಟಿದ್ದಾಳೆ, ನಿಮ್ಮ ಮಗಳ ಕಿವಿಯೋ ಮೊದಲೇ ಭಾರಿ ಚುರುಕು. ಮೊಬೈಲ್ ಕೊಟ್ಟರೆ ನೀವು ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಮಾತಾಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಅಂಗಡಿಯ ಡ್ರೈವರ್ ಮಹಮ್ಮದಗೌಸ ನಾಳೆ ಬೀಜದ ಚೀಲ ಇಳಿಸಲು ಹಾವೇರಿಗೆ ಬರುತ್ತಾನೆ, ನಿಮ್ಮ ಕೈಗೇ ಕೊಡುತ್ತಾನೆ. ಓದಿ ಹರಿದು ಹಾಕಿ. ಅವಸರದಲ್ಲಿ ಬರೆಯುತ್ತಿದ್ದೇನೆ ಅತ್ತೀ, ಅಕ್ಷರ ಸೊಟ್ಟ ಬಂದರೆ ಬೈಯಬೇಡಿ.

ಇವತ್ತು ಸಂತೆಯಲ್ಲಿ ಆದದ್ದನ್ನು ಹೇಳಬೇಕು. ಆದರೆ ಬ್ಯಾಂಕಾಕಿನಿಂದ ಶುರು ಮಾಡದಿದ್ದರೆ ನನ್ನ ಎದೆ ಹಗುರಾಗುವುದಿಲ್ಲ. ಅಲ್ಲಿಂದ ಬಂದ ವಾರದಲ್ಲೇ ನೀವು ಜಾರಿ ಬಿದ್ದಿರಿ, ನಾವಿಬ್ಬರೂ ಕೂತು ಮಾತಾಡುವುದು ಆಗಲೇ ಇಲ್ಲ.

ಬೀಜದ ಕಂಪನಿಯವರು ಹೆಚ್ಚು ಮಾಲು ಮಾರಿದ ಡೀಲರುಗಳಿಗೆಂದು ಬ್ಯಾಂಕಾಕ್, ಕ್ವಾಲಾಲಂಪುರ, ಸಿಂಗಾಪುರ ಎಂದು ಫಾರಿನ್ ಟೂರು ಇಟ್ಟರು. ಒಂದು ಅಂಗಡಿಗೆ ಎರಡು ಟಿಕೆಟ್. ನಿಮ್ಮ ಮಗನಿಗೆ ವಿಮಾನ ಎಂದರೆ ಕಾಲು ನಡುಕ, ಬಾಯಿಬಿಟ್ಟು ಹೇಳುವುದಿಲ್ಲ. ‘ಸೀಜನ್ ಐತಿ, ಅವ್ವನ್ನ ಕರಕೊಂಡು ನೀ ಹೋಗಿ ಬಾ’ ಎಂದುಬಿಟ್ಟರು. ನನಗೆ ಅಳುವೇ ಬಂತು. ಸಿಂಗಾಪುರ ನೋಡುವುದು, ಅದೂ ಅತ್ತೆಯ ಜೊತೆ! ನಿಮ್ಮ ಮೊಮ್ಮಗ ಮಾಲತೇಶ ಬೇಕರಿಯಲ್ಲಿ ತತ್ತಿ ಪಫ್ ತಿಂದು ಬಂದನೆಂದು ಆ ಕೂಸಿಗೆ ಹಿತ್ತಲಲ್ಲಿ ತಣ್ಣೀರು ಸುರಿದು, ಹೊಸ್ತಿಲು ತೊಳೆಸಿದವರು ನೀವು. ಸಾವಜಿ ಖಾನಾವಳಿಯ ಮಾಂಸದ ವಾಸನೆ ಬರುತ್ತದೆಂದು ಆಟೋದವನನ್ನು ಊರೆಲ್ಲ ಸುತ್ತಿಸಿದವರು. ಟೂರಿಗೆ ನೀವು ಕಟ್ಟಿಸಿದ್ದೇನು? ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಅವಲಕ್ಕಿ. ಆ ಡಬ್ಬಿಗಳ ಬಾಯಿಯನ್ನು ಕೊನೆಗೂ ತೆರೆದವಳು ನಾನೊಬ್ಬಳೇ.

ಬ್ಯಾಂಕಾಕಿನ ಮೊದಲ ಸಂಜೆ. ಉಳಿದ ಡೀಲರುಗಳೆಲ್ಲ ಹೋಟೆಲಿನ ಹಾಲಿನಲ್ಲಿ ಪನೀರಿಗೆ ಕೂತಿದ್ದರು. ನೀವು ‘ಸೆಕಿ ಆಗಾಕತ್ತೈತಿ, ಹೊರಗ ನಡಿ’ ಎಂದಿರಿ. ಒಂದು ಗಲ್ಲಿಗೆ ತಿರುಗಿದೆವು. ಗಾಡಿಯ ಮೇಲೆ ಕೆಂಡ, ಕೆಂಡದ ಮೇಲೆ ಉಪ್ಪು ಮೆತ್ತಿದ ಮೀನುಗಳ ಸಾಲು. ನಾನು ಸೆರಗಿನಿಂದ ಮೂಗು ಮುಚ್ಚಿದೆ. ನೀವು ನಿಂತೇಬಿಟ್ಟಿರಿ. ಆಮೇಲೆ, ಶಿವನೇ, ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ, ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿ, ಸೆರಗು ಹೊದ್ದು, ಪ್ಲಾಸ್ಟಿಕ್ ಸ್ಟೂಲ್ ಎಳೆದು ಕೂತಿರಿ. ಒಂದು ಮೀನಿಗೆ ಬೆರಳು ತೋರಿಸಿದಿರಿ.

‘ಅತ್ತೀ, ಅದು ಮೀನ್ರೀ!’ ಎಂದೆ. ‘ಗೊತ್ತೈತಿ. ನನ್ನೇನು ಕುರುಡಿ ಅಂತ ತಿಳಿದಿಯೇನು?’ ಎಂದಿರಿ.

ನೀವು ತಿಂದದ್ದಕ್ಕಿಂತ ತಿಂದ ರೀತಿಗೆ ನಾನು ಗಾಬರಿಯಾದೆ. ಹೆಬ್ಬೆರಳಿನಿಂದ ಸಿಪ್ಪೆ ಜಾರಿಸಿದಿರಿ, ತಲೆಯ ಬುಡದಲ್ಲಿ ಎರಡು ಬೆರಳು ಇಟ್ಟಿರಿ, ಒಂದೇ ಎಳೆತ. ಬಾಲದ ತನಕ ಮುಳ್ಳಿನ ಜಡೆ ಇಡಿಯಾಗಿ ಕೈಗೆ ಬಂತು, ಒಂದು ಚೂರೂ ಮುರಿಯಲಿಲ್ಲ. ಗಾಡಿಯ ಹೆಂಗಸು ಕೂಡ ಬೀಸಣಿಕೆ ನಿಲ್ಲಿಸಿ ನೋಡಿದಳು. ನೀವು ಕಣ್ಣು ಮುಚ್ಚಿ ಮೊದಲ ತುತ್ತು ನುಂಗಿ, ‘ಉಪ್ಪು ಜಾಸ್ತಿ ಆಗೇತಿ. ಯಾಕ ಬಾಯಿ ತಗದು ನಿಂತೀದಿ? ಕುಂದ್ರು, ನಿನಗ ಅನ್ನಾ ತರಸ್ತೀನಿ’ ಎಂದಿರಿ. ವಿಮಾನದ ಗಾಳಿ ತಲೆಗೆ ಹೊಡೆದಿದೆ, ನಿಮ್ಮ ಮಗನಿಗೆ ಏನೆಂದು ಹೇಳಲಿ ಎಂದು ನಾನು ಕೂತಲ್ಲೇ ಬೆವತೆ.

ಅದು ಒಂದು ದಿನದ ಹುಚ್ಚು ಎಂದುಕೊಂಡಿದ್ದೆ. ಎಲ್ಲಿಯದು! ಮರುದಿನ ಕೊಕ್ಕೆಗೆ ನೇತುಹಾಕಿದ ಬಾತುಕೋಳಿಯ ಅಂಗಡಿ. ಅಲ್ಲಿಯಂತೂ ನನ್ನ ಜೀವ ಹಾರಿಯೇ ಹೋಯಿತು. ಪಕ್ಕದ ಮೇಜಿನಲ್ಲಿ ಅಗಡಿಯ ಕರಬಸಪ್ಪನವರು! ನಮ್ಮ ಜೊತೆಯೇ ಟೂರಿಗೆ ಬಂದ ಡೀಲರು, ಗುಡಿ ಕಮಿಟಿಯ ಅಧ್ಯಕ್ಷರು, ಹಣೆ ತುಂಬ ವಿಭೂತಿ, ಕೈಯಲ್ಲಿ ಬಾತುಕೋಳಿಯ ತೊಡೆ. ನೀವು ಅವರನ್ನು ನೋಡಿದಿರಿ, ಅವರು ನಿಮ್ಮನ್ನು ನೋಡಿದರು. ನೆಲ ಬಾಯಿ ಬಿಡಬಾರದೇ ಎನ್ನಿಸಿತು ನನಗೆ. ಅವರೇ ಮೊದಲು, ‘ಅಕ್ಕಾರ, ನಾ ನಿಮ್ಮನ್ನ ನೋಡೇ ಇಲ್ರಿ’ ಎಂದರು. ನೀವು ಎಲುಬು ಪಕ್ಕಕ್ಕಿಟ್ಟು, ‘ನೀ ಯಾವೂರಾಂವ ಅಪಾ? ಗುರ್ತು ಸಿಗವಲ್ದು’ ಎಂದಿರಿ. ಇಬ್ಬರೂ ಗಂಭೀರವಾಗಿ ತಲೆ ತಗ್ಗಿಸಿ ತಿಂದಿರಿ. ನಾನು ಗುರೆಳ್ಳು ಚಟ್ನಿ ನೆಕ್ಕುತ್ತ ಇಬ್ಬರನ್ನೂ ನೋಡಿದೆ.

ಕ್ವಾಲಾಲಂಪುರದಲ್ಲಿ ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ. ಅದಕ್ಕೆ ಅವರು ಶೇಂಗಾ ಅರೆದ ಗೊಜ್ಜು ಕೊಟ್ಟರು. ‘ನೋಡ, ಇವರೂ ಶೇಂಗಾ ಚಟ್ನಿ ಮಂದೀನ. ಸುಮ್ಮನ ನಾವು ಡಬ್ಬಿ ಹೊತಗೊಂಡು ಬಂದ್ವಿ’ ಎಂದು ನನ್ನನ್ನೇ ಅಣಕಿಸಿದಿರಿ. ಮನೆಯಲ್ಲಿ ನೀವು ನಗುವುದನ್ನು ನಾನು ಹೆಚ್ಚು ಕಂಡಿರಲಿಲ್ಲ. ಬೆರಳು ನೆಕ್ಕುತ್ತ ನಗುವ ನಿಮ್ಮನ್ನು ನೋಡಿ ಹೆದರಿಕೆಯೂ ಆಗುತ್ತಿತ್ತು, ಒಂದು ನಮೂನೆ ಖುಷಿಯೂ ಆಗುತ್ತಿತ್ತು. ಯಾರ ಮುಂದೆ ಹೇಳಲಿ ಇದನ್ನು?

ಸಿಂಗಾಪುರದಲ್ಲಿ ಆ ತಮಿಳು ಸಾಹೇಬರ ಹೋಟೆಲು ನೆನಪಿದೆಯೇ? ಕೆಂಪು ರಸದಲ್ಲಿ ಮುಳುಗಿದ ಕುರಿಯ ಎಲುಬು, ತಟ್ಟೆಯ ತುಂಬ. ‘ಬಣ್ಣ ನೋಡ, ನಿಮ್ಮಪ್ಪನ ಬ್ಯಾಡಗಿ ಕಾಯೀನ ಇರಬೇಕು’ ಎಂದಿರಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುವ ನನ್ನಪ್ಪ ಅದನ್ನು ಕೇಳಿದ್ದರೆ ನಗಬೇಕೋ ಅಳಬೇಕೋ ತಿಳಿಯದೆ ಕೂರುತ್ತಿದ್ದ. ಎಲುಬಿನ ಒಳಗಿನದನ್ನು ಹೀರಲು ಅವರು ನಳಿಗೆ ಕೊಟ್ಟರು. ನೀವು ಅದನ್ನು ಅತ್ತ ಎಸೆದು, ಎಲುಬನ್ನು ತಟ್ಟೆಗೆ ಟಪಟಪ ಕುಟ್ಟಿ, ಬಾಯಿಗಿಟ್ಟು ಸುರ್ ಎಂದು ಹೀರಿದಿರಿ. ಆಗ ನನಗೆ ತಡೆಯಲಾಗಲಿಲ್ಲ. ‘ಅತ್ತೀ, ಖರೇ ಹೇಳ್ರಿ, ನೀವು ಯಾರು?’ ಎಂದು ಕೇಳಿಯೇಬಿಟ್ಟೆ.

ನೀವು ಕೈ ತೊಳೆಯಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ತಟ್ಟೆಗೆ ಹೇಳುವವರ ಹಾಗೆ ಹೇಳಿದಿರಿ. ‘ಪುಷ್ಪಾವತಿ ಅನ್ನೂದು ನಮ್ಮತ್ತಿ ಇಟ್ಟ ಹೆಸರು. ಹಡದಾಕಿ ಇಟ್ಟದ್ದು ಚೌಡವ್ವ. ಗುತ್ತಲದ ಕಡೆ ಹೊಳಿದಂಡಿ ಊರು ನಮ್ಮದು. ನಮ್ಮಪ್ಪ ಹರಗೋಲು ಹಾಕತಿದ್ದ, ಬಲಿ ಬೀಸತಿದ್ದ. ನಿಮ್ಮ ಮಾವಾರು ಶೇಂಗಾ ಖರೀದಿಗೆ ಹೊಳಿ ದಾಟಾಕ ಬಂದ್ರು. ದಾಟೂದು ಬಿಟ್ಟು ದಂಡೀಮ್ಯಾಲ ಕುಂತ್ರು.’

ಮಾವನವರು ಒಬ್ಬರೇ ಮಗ, ಹಟ ಬಿಡಲಿಲ್ಲ. ಅವರ ತಾಯಿ ಕೊನೆಗೆ ಒಪ್ಪಿದ್ದು ಒಂದು ಮಾತಿನ ಮೇಲೆ. ಮಠದಲ್ಲಿ ಬೆಳೆದ ಅನಾಥ ಹುಡುಗಿ ಎಂದು ಊರಿಗೆ ಹೇಳುವುದು, ತವರಿನವರ ಜೊತೆ ಇನ್ನು ಜನ್ಮದಲ್ಲಿ ಮಾತಾಡುವುದಿಲ್ಲ ಎಂದು ನೀವು ಲಿಂಗ ಮುಟ್ಟಿ ಆಣೆ ಮಾಡುವುದು. ಮಾಡಿದಿರಿ. ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೂ ಇದು ಗೊತ್ತಿಲ್ಲ.

‘ಆಮ್ಯಾಲ ನಮ್ಮವ್ವ ಒಣಮೀನಿನ ಬುಟ್ಟಿ ಹೊತಗೊಂಡು ರಾಣೇಬೆನ್ನೂರು ಸಂತಿಗೆ ಬರಾಕ ಹತ್ತಿದ್ಲು. ನಾ ಆಕೀನ ಮಾತಾಡ್ಸಂಗಿಲ್ಲ. ಆಕಿ ನನ್ನ ಕರಿಯಂಗಿಲ್ಲ. ಆಕೀ ಬಾಜೂಕ ಕುಂತ ಕಾಯಿಪಲ್ಯದವನ ಕೂಡ ನಾ ಚೌಕಾಸಿಗೆ ನಿಲ್ಲತಿದ್ದೆ. ಬಸರಿ ಅದೀನಪಾ, ಎಳೀಕಾಯಿ ಕೊಡು ಅಂತ ಜೋರ ಅಂತಿದ್ದೆ. ಆಕಿ ಯಾವುದೋ ಗಿರಾಕಿಗೆ ಕೂಗಿ ಹೇಳಾಕಿ, ಬಸರಾದಾಕಿ ಕೊಡ ಎತ್ತಬಾರದವ್ವಾ, ಬರ್ರಿ, ಒಣಮೀನು ಒಯ್ರಿ ಅಂತ. ಹಂಗ ಮಾತಾಡಿದ್ವಿ ತಾಯಿ ಮಗಳು.’

‘ಆಮ್ಯಾಲ?’ ಎಂದೆ. ‘ಆಮ್ಯಾಲೇನು? ಒಂದ ಸಂತಿಗೆ ಬುಟ್ಟಿ ಬರಲಿಲ್ಲ’ ಎಂದು ನೀವು ಇನ್ನೊಂದು ಎಲುಬು ಕುಟ್ಟಿದಿರಿ. ‘ವಿಮಾನ ಇಳಿದಕೂಡ್ಲೇ ಈ ಬಾಯಿ ಮುಚ್ಚತೈತಿ. ನಿನ್ನ ಬಾಯೀನೂ ಮುಚ್ಚಿರಬೇಕು’ ಎಂದಿರಿ. ಕಥೆ ಅಲ್ಲಿಗೆ ಮುಗಿಯಿತು ಎಂದು ನಾನೂ ನಂಬಿದೆ.

ಈಗ ಇವತ್ತಿನ ಮಾತು. ನಿಮ್ಮ ಕಾಲು ಮುರಿದ ಮೇಲೆ ಸಂತೆಗೆ ಹೋಗಲು ಆಗಿರಲಿಲ್ಲ. ಇವತ್ತು ಒಬ್ಬಳೇ ಹೋದೆ, ರೂಢಿಯಂತೆ ಸೋಮಣ್ಣನ ಬದನೆಕಾಯಿಯ ಮುಂದೆ ನಿಂತೆ. ನಿಮ್ಮ ಜೊತೆ ಬಂದಾಗಲೆಲ್ಲ ಅಲ್ಲಿ ನಿಂತು ನಿಂತು ನನ್ನ ಕಾಲು ಬಿದ್ದುಹೋಗುತ್ತಿದ್ದವು. ಮಾಲತೇಶ ಪಾಸಾದದ್ದು, ಶ್ವೇತಾಳ ಮನೆಯ ಗೃಹಪ್ರವೇಶ, ನಿಮ್ಮ ಬಿಪಿ, ಎಲ್ಲವನ್ನೂ ಆ ಬದನೆಕಾಯಿಯವನಿಗೆ ಜೋರಾಗಿ ಹೇಳುತ್ತ ನಿಲ್ಲುತ್ತಿದ್ದಿರಿ. ಪಕ್ಕದಲ್ಲಿ ಒಣಮೀನಿನ ಬುಟ್ಟಿ ಬೇರೆ. ಈ ಮುದುಕಿಗೆ ಬೇರೆ ಜಾಗವೇ ಸಿಗುವುದಿಲ್ಲವೇ ಎಂದು ಮೂಗು ಮುಚ್ಚಿಕೊಂಡು ಸಿಡಿಮಿಡಿ ಎನ್ನುತ್ತಿದ್ದೆ. ಸಿಂಗಾಪುರದಲ್ಲಿ ಅಷ್ಟೆಲ್ಲ ಕೇಳಿಯೂ ಈ ನನ್ನ ತಲೆಗೆ ಹೊಳೆಯಲಿಲ್ಲ ನೋಡಿ!

‘ಅವ್ವಾರು ಎಲ್ಲಿರಿ? ಭಾಳ ದಿನಾ ಆತು’ ಎಂದು ಸೋಮಣ್ಣ ಕೇಳಿದ. ‘ಜಾರಿ ಬಿದ್ದು ಕಾಲು ಮುರಕೊಂಡಾರ’ ಎಂದೆ. ಪಕ್ಕದಲ್ಲಿ ಧಪ್ ಎಂದು ಸದ್ದಾಯಿತು. ಮೀನಿನವಳ ಕೈಯಿಂದ ತಕ್ಕಡಿ ಬಿದ್ದಿತ್ತು. ಅವಳ ಮುಂದೆ ಗಿರಾಕಿ ಯಾರೂ ಇರಲಿಲ್ಲ. ಆದರೂ ಎದುರಿನ ಗಾಳಿಗೆ ಕೂಗಿದಳು. ‘ಎಲುಬು ಕೂಡಬೇಕಂದ್ರ ಹೊಳಿ ಏಡಿ ಸಾರು ಕುಡಸ್ಬೇಕವ್ವಾ! ಎಷ್ಟು ದಿನಾ ಆತೋ ಏನೋ, ಯಾರೂ ಹೇಳೋರಿಲ್ಲ! ಬರ್ರಿ, ಮೀನು ಒಯ್ರಿ!’

ನಾನು ಮೊಟ್ಟಮೊದಲ ಬಾರಿ ಅವಳ ಕಡೆ ತಿರುಗಿ ನೋಡಿದೆ. ಕೈ ಸುಮ್ಮನಿರಲಾರದೆ ಅವಳು ಒಂದು ಮೀನು ತೆಗೆದುಕೊಂಡಳು, ತಲೆಯ ಬುಡದಲ್ಲಿ ಎರಡು ಬೆರಳು ಇಟ್ಟಳು, ಒಂದೇ ಎಳೆತ. ಮುಳ್ಳಿನ ಜಡೆ ಇಡಿಯಾಗಿ ಬಂತು. ಅತ್ತೀ, ನನ್ನ ಕೈಚೀಲ ನೆಲಕ್ಕೆ ಬಿತ್ತು, ಬದನೆಕಾಯಿ ಉರುಳಿ ಹೋದವು. ಬ್ಯಾಂಕಾಕಿನ ಗಲ್ಲಿಯಲ್ಲಿ ಕಂಡ ಕೈ ಅದು. ಗದ್ದ ನೋಡಿದೆ, ನಿಮ್ಮದೇ ಗದ್ದ. ‘ಗುತ್ತೆವ್ವಾ, ತಕ್ಕಡಿ ಎತ್ತಿಟ್ಕೋ’ ಎಂದು ಸೋಮಣ್ಣ ಮೆಲ್ಲಗೆ ಅಂದ.

ನಿಮಗೊಬ್ಬ ತಂಗಿ ಇದ್ದಾಳೆ! ಅವ್ವನ ಬುಟ್ಟಿ ಇದ್ದ ಜಾಗದಲ್ಲಿ ತಂಗಿಯ ಬುಟ್ಟಿ ಬಂದು ಕೂತಿದೆ, ನೀವು ನನಗೆ ಅಷ್ಟು ಹೇಳಿ ಇಷ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿರಿ. ಇಷ್ಟು ವರ್ಷ ಒಡಹುಟ್ಟಿದವಳ ಮುಖ ನೇರ ನೋಡದೆ ಬದನೆಕಾಯಿಯ ಜೊತೆ ಮಾತಾಡಿದಿರಲ್ಲ, ಹೇಗೆ ತಡೆದಿರಿ? ಸಂತೆಯ ನಡುವೆ ನಿಂತು ಅತ್ತುಬಿಟ್ಟೆ. ಅಂಥ ಆಣೆ ಹಾಕಿಸಿದವರ ಮೇಲೆ ಸಿಟ್ಟೂ ಬಂತು, ಅವರು ಹೋಗಿ ಎಷ್ಟೋ ಕಾಲವಾದರೂ.

ಕಣ್ಣು ಒರೆಸಿಕೊಂಡು ನಿಮ್ಮ ಹಾಗೆಯೇ ನಿಂತೆ. ಸೋಮಣ್ಣನಿಗೆ ಜೋರಾಗಿ ಹೇಳಿದೆ. ‘ಅತ್ತಿ ಹಾವೇರ್ಯಾಗ ಮಗಳ ಮನ್ಯಾಗ ಅದಾರಪಾ. ಜೀವಕ್ಕ ಏನೂ ಇಲ್ಲ. ಆದ್ರ ಕಾಲು ತಿಕ್ಕಾಕ ಒಬ್ಬಾಕಿ ಹೆಣ್ಮಗಳು ಬೇಕಾಗ್ಯಾಳ. ಮಂಗಳವಾರ ಮುಂಜಾನೆ ನಾ ಬಸ್‌ಸ್ಟ್ಯಾಂಡಿನ್ಯಾಗ ಇರ್ತೀನಿ.’ ಗುತ್ತೆವ್ವ ತಕ್ಕಡಿ ಎತ್ತಿಟ್ಟುಕೊಂಡಳು. ಆಮೇಲೆ ಕೂಗು ಬಂತು. ‘ಮಂಗಳವಾರ ಬುಟ್ಟಿ ಇಡಂಗಿಲ್ರೀ! ಎಲ್ಲಾರೂ ಇವತ್ತ ಒಯ್ರಿ!’ ಸೋಮಣ್ಣ ಉರುಳಿದ ಬದನೆಕಾಯಿ ಆರಿಸಿಕೊಡುತ್ತ, ‘ನಿಮ್ಮ ಮಂದಿ ಬಡಕೊಂಡಷ್ಟು ನನ್ನ ಬದನೀಕಾಯಿಗೆ ಯಾರೂ ಬಡಕೊಂಡಿಲ್ರಿ ತಂಗೀ’ ಎಂದು ನಕ್ಕ. ಅವನ ಕಣ್ಣೂ ಒದ್ದೆಯಾಗಿತ್ತು.

ಹಾಗಾಗಿ ಮಂಗಳವಾರ ಬರುತ್ತಿದ್ದೇವೆ. ಆಣೆ ಇದೆ ಎಂದು ನೀವು ಮುಖ ತಿರುಗಿಸುವವರು, ನನಗೆ ಗೊತ್ತು. ಆದರೆ ಆಣೆ ಮಾಡಿದ್ದು ತವರಿನವರ ಜೊತೆ ಮಾತಾಡುವುದಿಲ್ಲ ಎಂದು. ಕಾಲು ತಿಕ್ಕುವವಳ ಜೊತೆ ಮಾತಾಡಬಾರದು ಎಂದು ಯಾರೂ ಹೇಳಿಲ್ಲ. ಅವಳ ಕೈಯಲ್ಲಿ ಒಂದು ಡಬ್ಬಿ ಇರುತ್ತದೆ. ಶ್ವೇತಾಳಿಗೆ ಅದು ಎಣ್ಣೆ ಎಂದು ಹೇಳುತ್ತೇನೆ. ನೀವು ಕರಡಿಗೆ ಹಿಂದಕ್ಕೆ ಸರಿಸಿಕೊಳ್ಳುವುದು ಮರೆಯಬೇಡಿ. ಬಾಗಿಲ ಹೊರಗೆ ನಾನು ಕೂತಿರುತ್ತೇನೆ, ನಿಮ್ಮ ಮಗಳಿರಲಿ, ಮಠದ ಅಯ್ಯನವರೇ ಬಂದರೂ ಒಳಗೆ ಬಿಡುವುದಿಲ್ಲ.

ನಿಮ್ಮ ಕಾಲು ಲಗೂ ಕೂಡಲಿ. ಆ ದೇವರು ನಿಮಗೂ ನಿಮ್ಮ ಬೆನ್ನಿಗೆ ಬಿದ್ದವಳಿಗೂ ಇನ್ನಷ್ಟು ಸಂತೆಗಳನ್ನು ಕೊಡಲಿ. ಪ್ಲಾಸ್ಟರ್ ಹಾಕದ ಕಾಲನ್ನು ಮಂಗಳವಾರ ತೊಳೆದು ಸಿದ್ಧವಾಗಿಡಿ, ಚೌಡವ್ವ. ಬೇಕಾದಷ್ಟು ಹೊತ್ತು ತಿಕ್ಕಿಸಿಕೊಳ್ಳಿ, ಬೇಕಾದಷ್ಟು ಮೆಲ್ಲಗೆ ಮಾತಾಡಿ. ನಡುವೆ ಬದನೆಕಾಯಿ ಇರುವುದಿಲ್ಲ.

ನಿಮ್ಮ ಬಾಯಿ ಮುಚ್ಚಿದ ಸೊಸೆ,
ಭುವನಾ