ಮಲೀದಾ ಕಲಸಿದ ಕೈ

ಜನವರಿ 9, ಮಂಗಳವಾರ
ನೀರು ಹಿಡಿದು, ಬಂಗಡೆ ತೊಳೆಯುತ್ತಿದ್ದೆ. ಹಿತ್ತಲಲ್ಲಿ ದಡ್ ಎಂದು ಸದ್ದು. ಅತ್ತೆ, ನಾನು ಆಯಿ ಎಂದು ಕರೆಯುವವರು, ಬಿದ್ದಿದ್ದರು. ಬಲಗೈ ಮಣಿಕಟ್ಟು ಮುರಿದಿದೆ. ಅಲೀಬಾಗಿನ ಆಸ್ಪತ್ರೆಗೆ ರಿಕ್ಷಾದಲ್ಲಿ ಕರೆದೊಯ್ದೆ. ಪ್ಲಾಸ್ಟರ್. ಮನೆಗೆ ಬಂದ ಮೇಲೆ ಬಂಗಡೆ ಬೆಕ್ಕು ತಿಂದಿತೇ ಎಂದು ವಿಚಾರಿಸಿದರು. ತಿಂದಿತ್ತು.

ಜನವರಿ 12, ಶುಕ್ರವಾರ
ಸಂಜೆ ಸಬ್ಬತ್ ದೀಪ, ಯೆಹೂದಿಗಳು ಪ್ರತಿ ಶುಕ್ರವಾರ ಹಚ್ಚುವುದು. ಆಯಿ ಎಡಗೈಯಲ್ಲೇ ಕಡ್ಡಿ ಗೀರಿದರು. ಮೂರು ಕಡ್ಡಿ ಮುರಿದವು. ಹಚ್ಚಿಕೊಡಲೇ ಎಂದು ಕೇಳಲಿಲ್ಲ. ಮದುವೆಯಾದಾಗಿನಿಂದಲೂ ಹೀಗೆಯೇ. ದಿನದ ಅಡಿಗೆ ನನ್ನದು, ದೇವರ ಕೆಲಸ ಅವರದು. ನನ್ನ ಗಂಡ ಹನೋಖ್ ಇದ್ದಾಗ ಅದೊಂದು ವಿಷಯವೇ ಆಗಿರಲಿಲ್ಲ. ಅವನು ತೀರಿಕೊಂಡ ಮೇಲೆ ಈ ಮನೆಯಲ್ಲಿ ಒಬ್ಬರು ಯೆಹೂದಿ, ಒಬ್ಬಳು ಅಲ್ಲದವಳು. ಲೆಕ್ಕ ಅಷ್ಟೇ.

ಜನವರಿ 15, ಸೋಮವಾರ
ತವರು ಪೇಣದಿಂದ ಅಣ್ಣ ದಿಗಂಬರ ದಾದಾ ಸಂಕ್ರಾಂತಿಯ ತಿಳಗೂಳ ತಂದಿದ್ದ. ಹೋಗುವ ಮುನ್ನ ಜಗಲಿಯಲ್ಲಿ ನಿಂತು ಹೇಳಿದ, ಮಕ್ಕಳಿಲ್ಲ, ಗಂಡ ಇಲ್ಲ, ಅವರ ಜನ ನಿನ್ನನ್ನು ಒಳಗೆ ಸೇರಿಸಿಕೊಂಡಿಲ್ಲ, ತವರಿಗೆ ಬಂದುಬಿಡು ಎಂದು. ಮುಂದಿನ ತಿಂಗಳು ಟೆಂಪೋ ತರುತ್ತಾನಂತೆ. ಯೋಚಿಸುತ್ತೇನೆ ಎಂದೆ. ಆಯಿಗೆ ಒಳಗೆ ಎಲ್ಲ ಕೇಳಿಸಿರಬೇಕು. ರಾತ್ರಿ ಬೇಗ ಊಟ ಮುಗಿಸಿ ಮಲಗಿದರು.

ಜನವರಿ 24, ಬುಧವಾರ
ನಾಳೆ ಮರಗಳ ಹೊಸವರ್ಷ, ಯೆಹೂದಿಗಳ ಹಬ್ಬ. ಖಂಡಾಳೆಗೆ ಹೋಗಬೇಕು. ಎಲಿಯಾಹು ಪ್ರವಾದಿಯ ರಥದ ಗುರುತು ಇರುವ ಬಂಡೆಯ ಹತ್ತಿರ ಎಲ್ಲರೂ ಸೇರುತ್ತಾರೆ. ಪ್ರಾರ್ಥನೆಗೆ ಇಡುವ ಅವಲಕ್ಕಿಯ ಸಿಹಿ, ಮಲೀದಾ, ಪ್ರತಿ ವರ್ಷ ಆಯಿಯೇ ಮಾಡುವುದು. ನಾನು ಹಣ್ಣು ತೊಳೆದು ಕೊಟ್ಟರೆ ಮುಗಿಯಿತು.

ಈ ಸಲ ಅವರ ಸಮಾಜದ ಹಿರಿಯರು ಸಿಯೋನ್ ಕಾಕಾರ ಸೊಸೆ ಮಾಡುತ್ತಾಳೆ ಎಂದಿತ್ತು. ಮಧ್ಯಾಹ್ನ ಫೋನು. ಅವಳಿಗೆ ಜ್ವರ. ಆಯಿ ತುಂಬ ಹೊತ್ತು ಪ್ಲಾಸ್ಟರ್ ನೋಡುತ್ತ ಕೂತರು. ಆಮೇಲೆ...

"ಮಂದಾ, ಬೆಳಿಗ್ಗೆ ಬೇಗ ಎದ್ದು ತಲೆಗೆ ಸ್ನಾನ ಮಾಡು. ಅವಲಕ್ಕಿ ಈಗ್ಲೇ ಆರಿಸಿಡು, ಕಲ್ಲಿರ್ತವೆ."

ಆರಿಸಿಟ್ಟೆ. ಎರಡೆರಡು ಸಲ.

ಜನವರಿ 25, ಗುರುವಾರ. ಸಂಜೆ 6
ಆಯಿ ಮಣೆ ಹಾಕಿಕೊಂಡು ಕೂತು ಹೇಳಿದರು, ನಾನು ಮಾಡಿದೆ. ಅವಲಕ್ಕಿ ಹೆಚ್ಚು ನೆನೆಸಬಾರದು, ಮುದ್ದೆಯಾಗುತ್ತದೆ. ತೆಂಗಿನಕಾಯಿಯ ಬಿಳಿ ಮಾತ್ರ ತುರಿಯಬೇಕು. ಸಕ್ಕರೆ, ಏಲಕ್ಕಿ, ಬಾದಾಮಿ. ಸುತ್ತ ಹಣ್ಣು — ಚಿಕ್ಕು, ಖರ್ಜೂರ, ಪೇರಲ, ಕಿತ್ತಳೆ. ಬಾಳೆಹಣ್ಣು ಬೇರೆ. ಅವರ ಪ್ರಾರ್ಥನೆಯಲ್ಲಿ ಬಾಳೆ ಮರವಲ್ಲ, ಅದಕ್ಕೆ ನೆಲದ ಬೆಳೆಯ ಮಂತ್ರ.

ಖಂಡಾಳೆಯಲ್ಲಿ ಮೂವತ್ತು ಜನ ಇರಬಹುದು. ಪ್ರಾರ್ಥನೆ ಹೇಳಿಸುವವರು ಸಿಯೋನ್ ಕಾಕಾ. ಹರಿವಾಣ ಇಟ್ಟೆ. ಯಾರು ಮಾಡಿದ್ದು ಎಂದು ಕೇಳಿದರು. ನಾನು ಎಂದೆ. ಕಾಕಾ ಕೆಟ್ಟವರಲ್ಲ. ಮೆಲ್ಲಗೇ ಹೇಳಿದರು.

"ಹಣ್ಣು ಇಡಮ್ಮ, ಅದು ಮರ ಕೊಟ್ಟಿದ್ದು. ಮಲೀದಾ ಹಾಗಲ್ಲ, ಕೈಯಲ್ಲಿ ಕಲಸಿದ್ದು. ನಮ್ಮವರೇ ಮಾಡ್ಬೇಕು."

ಹರಿವಾಣ ಎತ್ತಿಕೊಳ್ಳಲು ಬಗ್ಗಿದೆ. ಆಯಿ ನನ್ನ ಭುಜ ಹಿಡಿದರು. ಪ್ಲಾಸ್ಟರ್ ಕೈ ಮುಂದೆ ಚಾಚಿದರು.

"ಸಿಯೋನ್, ನನ್ನ ಕೈ ಮುರಿದಿದೆ. ಸೀರೆ ಉಡಿಸೋದು ಇವಳು, ತಲೆ ಬಾಚೋದು ಇವಳು. ಈಗ ನನಗೆ ಇರೋ ಕೈ ಇದೇ. ಇದು ಬೇಡ ಅಂದ್ರೆ ನಾನೂ ಎದ್ದು ಹೋಗ್ತೀನಿ."

ಒಬ್ಬಾಕೆ ಮಗುವಿಗೆ ಟೋಪಿ ಸರಿಮಾಡಿದಳು. ಕಾಕಾ ಬಂಡೆಯ ಕಡೆ ನೋಡಿದರು. ಆಮೇಲೆ ತಾವೇ ಹರಿವಾಣವನ್ನು ಮಧ್ಯಕ್ಕೆ ಸರಿಸಿ, ಗಂಟಲು ಸರಿಮಾಡಿಕೊಂಡು ಶುರು ಮಾಡಿದರು.

ಕಾಮಕಸ್ತೂರಿ ಎಲೆ ಮೂಸಿದೆವು. ಖರ್ಜೂರ ತಿಂದೆವು. ಮಲೀದಾ ಕೊನೆಗೆ. ಆಯಿಗೆ ಎಡಗೈಯಲ್ಲಿ ತಿನ್ನಲು ಮನಸ್ಸಿಲ್ಲ, ನಾನೇ ತುತ್ತು ಕೊಟ್ಟೆ. ನಿಧಾನವಾಗಿ ಅಗಿದರು.

"ಏಲಕ್ಕಿ ಜಾಸ್ತಿಯಾಯ್ತು."

ಮತ್ತೆ ಬಾಯಿ ತೆರೆದರು.

ಇಬ್ಬರು ಮಾತ್ರ ಮಲೀದಾ ಮುಟ್ಟಲಿಲ್ಲ. ಹಣ್ಣಷ್ಟೇ ತೆಗೆದುಕೊಂಡು ಹೋದರು. ನೋಡಿದೆ. ಆಯಿಯೂ ನೋಡಿದರು.

ಫೆಬ್ರವರಿ 4, ಭಾನುವಾರ
ದಾದಾ ಟೆಂಪೋ ತಂದ. ನಾನು ಏನೂ ಕಟ್ಟಿರಲಿಲ್ಲ. ಆಯಿ ಅವನಿಗೆ ಚಹಾ ಕೊಡಿಸಿ ಹೇಳಿದರು, ಅವಳಿಗೆ ಹೋಗುವ ಮನಸ್ಸಿದ್ದರೆ ನಾನು ಅಡ್ಡ ಬರುವುದಿಲ್ಲ, ನನ್ನ ಕೈ ನೋಡಿ ಯಾರೂ ಉಳಿಯಬೇಕಾಗಿಲ್ಲ ಎಂದು. ಹೇಳಿ ಎದ್ದು ಒಳಗೆ ಹೋದರು.

ಬರುವುದಿಲ್ಲ ಎಂದೆ.

"ಇಲ್ಲಿ ಇರು ಅಂತ ನಿನಗೆ ಯಾರು ಹೇಳಿದ್ರು?" ಎಂದ ದಾದಾ.

"ಯಾರೂ ಹೇಳಿಲ್ಲ. ನಾನೇ ಅಂದ್ಕೊಂಡೆ."

ಮುಖ ಗಂಟಿಕ್ಕಿಕೊಂಡೇ ಹೋದ. ಹೋಳಿ ಹಬ್ಬಕ್ಕೆ ಬಾ ಎಂದಿದ್ದೇನೆ. ಒಂದೆರಡು ತಿಂಗಳು ಫೋನೂ ಮಾಡಲಿಕ್ಕಿಲ್ಲ. ಅಳು ಬಂತು ಸ್ವಲ್ಪ. ಆಮೇಲೆ ಬೇಳೆ ಬೇಯಲು ಇಟ್ಟೆ.

ಒಳಗಿಂದ ಆಯಿ ಕೂಗುತ್ತಿದ್ದಾರೆ. ಪ್ಲಾಸ್ಟರ್ ಒಳಗೆ ತುರಿಸುತ್ತಿದೆಯಂತೆ, ಹೆಣಿಗೆ ಕಡ್ಡಿ ಬೇಕಂತೆ. ಅದನ್ನು ಎಲ್ಲಿಟ್ಟಿದ್ದೇನೋ, ಹುಡುಕಬೇಕು.